ಪ್ರಾಚೀನ ವಿಧಿನಿಷೇಧಗಳು ಮತ್ತು ಶ್ರಾವಕನ ವಿವೇಕ

ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ಹುಂಚಕ್ಕೆ ಯಾತ್ರೆ ಬರುವ ಶ್ರಾವಕ ಕುಟುಂಬಗಳಲ್ಲಿ ಮೂರು ತಲೆಮಾರಿನವರು ಒಟ್ಟಿಗೆ ಇರುವುದು ಸಾಮಾನ್ಯ. ಪಾರ್ಶ್ವನಾಥ ಸ್ವಾಮಿಯ ದರ್ಶನವಾಗಿ, ಪದ್ಮಾವತಿ ಅಮ್ಮನವರ ಪೂಜೆ ಮುಗಿಯುವ ಹೊತ್ತಿಗೆ ಮಲೆನಾಡಿನ ಬಿಸಿಲು ಗುಡ್ಡದಾಚೆಗೆ ಜಾರತೊಡಗಿರುತ್ತದೆ. ಹೊತ್ತು ಮುಳುಗುವ ಮುನ್ನ ಊಟ ಮುಗಿಸಬೇಕೆಂದು ಅಜ್ಜಿ ಅವಸರಪಡಿಸುತ್ತಾರೆ. ದೀಪಗಳು ಝಗಝಗಿಸುವ ಈ ಕಾಲದಲ್ಲಿ ರಾತ್ರಿ ಉಂಡರೆ ದೋಷವೇನು ಎಂದು ಮೊಮ್ಮಗ ಕೇಳುತ್ತಾನೆ. ಹಿರಿಯರು ನಡೆಸಿಕೊಂಡು ಬಂದದ್ದು, ನೀನೂ ನಡೆಸು ಎಂದು ತಂದೆ ಮಾತು ಮುಗಿಸುತ್ತಾನೆ. ಅಜ್ಜಿಯದು ಶ್ರದ್ಧೆ, ತಂದೆಯದು ರೂಢಿ, ಮೊಮ್ಮಗನದು ಪ್ರಶ್ನೆ. ಈ ಮೂರರಲ್ಲಿ ಧರ್ಮಕ್ಕೆ ಹತ್ತಿರವಾದುದು ಯಾವುದು?

ಮೊದಲ ನೋಟಕ್ಕೆ ಇದು ಒಂದು ಊಟದ ಹೊತ್ತಿನ ಪ್ರಶ್ನೆ. ಆದರೆ ಅದರ ಬೇರು ಬಹಳ ಆಳಕ್ಕೆ ಇಳಿದಿದೆ. ಸಾವಿರ, ಎರಡು ಸಾವಿರ ವರ್ಷಗಳ ಹಿಂದೆ ವಿಧಿಸಲ್ಪಟ್ಟ ನಿಯಮಗಳು ಇಂದಿನ ಮನುಷ್ಯನಿಗೆ ನೀತಿಯ ದಾರಿದೀಪವಾಗಬಲ್ಲವೇ? ಒಂದು ಮಾತು ಪ್ರಾಚೀನವಾದುದು ಎಂಬ ಕಾರಣಕ್ಕೇ ಅದು ಪ್ರಮಾಣವಾಗುತ್ತದೆಯೇ? ಪ್ರಾಚೀನವಾದುದೆಂಬ ಕಾರಣಕ್ಕೇ ಅದನ್ನು ಕೈಬಿಡಬಹುದೇ? ಈ ಪ್ರಶ್ನೆಯನ್ನು ಎಲ್ಲ ಮತಧರ್ಮಗಳೂ ಎದುರಿಸುತ್ತಿವೆ. ಜೈನ ಸಮಾಜವೂ ಇದರಿಂದ ಹೊರತಲ್ಲ. ಇದಕ್ಕೆ ಉತ್ತರ ಹುಡುಕಲು ಹುಂಚದಂತಹ ಕ್ಷೇತ್ರಕ್ಕಿಂತ ತಕ್ಕ ಸ್ಥಳ ಮತ್ತೊಂದಿರಲಾರದು. ಏಕೆಂದರೆ ಈ ಕ್ಷೇತ್ರದ ಕಥೆ ಆರಂಭವಾಗುವುದೇ ಒಂದು ಆಜ್ಞೆಯ ಉಲ್ಲಂಘನೆಯಿಂದ.

ಆಜ್ಞೆಯನ್ನು ಮೀರಿದ ರಾಜಕುಮಾರ

ಹುಂಚದ ಸ್ಥಳಪುರಾಣ ಶ್ರಾವಕರಿಗೆಲ್ಲ ಪರಿಚಿತವಾದುದು. ಉತ್ತರ ಮಧುರೆಯ ಅರಸನು ವಿಷಯಾಸಕ್ತನಾಗಿ, ಮಾಂಸಾಹಾರಕ್ಕೆ ಇಳಿದು, ಕೊನೆಗೆ ತನ್ನ ಮಗ ಜಿನದತ್ತನನ್ನೇ ಕೊಲ್ಲಿಸಲು ಮುಂದಾದ. ಜಿನದತ್ತನು ಪದ್ಮಾವತಿಯ ಪ್ರತಿಮೆಯೊಂದಿಗೆ ಕುದುರೆಯೇರಿ ದಕ್ಷಿಣಕ್ಕೆ ಬಂದು, ಲಕ್ಕಿ ಗಿಡದ ನೆರಳಿನಲ್ಲಿ ತಂಗಿದ. ಅಲ್ಲಿ ಬೆಳೆದ ಊರೇ ಪೊಂಬುರ್ಚ. ಅದೇ ಹೊಂಬುಜ, ಅದೇ ಇಂದಿನ ಹುಂಚ. ಸಾಂತರ ಅರಸರು ಜಿನದತ್ತನನ್ನು ತಮ್ಮ ಮೂಲಪುರುಷನೆಂದು ಗೌರವಿಸಿದರು.

ಈ ಕಥೆಯ ಐತಿಹಾಸಿಕತೆಯ ಚರ್ಚೆ ಇಲ್ಲಿ ಅನಗತ್ಯ. ಅದರ ನೀತಿಯಷ್ಟೇ ಇಲ್ಲಿಯ ವಿಚಾರ. ತಂದೆಯ ಮಾತನ್ನು ಮಗ ಪಾಲಿಸಬೇಕೆಂಬುದು ಭಾರತದ ಅತಿ ಪ್ರಾಚೀನ ವಿಧಿಗಳಲ್ಲಿ ಒಂದು. ಅದರ ಜೊತೆಗೆ ರಾಜಾಜ್ಞೆಯೂ ಸೇರಿದರೆ ಮೀರುವ ಮಾತೇ ಇಲ್ಲ. ಆದರೂ ಜಿನದತ್ತನು ತಂದೆಯ ಇಚ್ಛೆಗೆ ಕೊರಳೊಡ್ಡಲಿಲ್ಲ. ಅವನನ್ನು ಕ್ಷೇತ್ರದ ಪರಂಪರೆ ಅವಿಧೇಯನೆಂದು ಹಳಿಯಲೂ ಇಲ್ಲ. ಅಧರ್ಮದ ಆಜ್ಞೆ ತಂದೆಯ ಬಾಯಿಂದ ಬಂದರೂ ಅಧರ್ಮವೇ ಎಂಬ ತೀರ್ಮಾನ ಈ ಕಥೆಯನ್ನು ಕೇಳಿ ಬೆಳೆದವರ ಮನಸ್ಸಿನಲ್ಲಿ ತಾನೇತಾನಾಗಿ ಮೂಡಿರುತ್ತದೆ. ಅಂದಮೇಲೆ, ಆಜ್ಞೆಗಿಂತ ಹಿರಿದಾದ ಒಂದು ಅಳತೆಗೋಲು ಇದೆಯೆಂದು ಶ್ರಾವಕನು ಬಾಲ್ಯದಲ್ಲೇ ಒಪ್ಪಿಕೊಂಡಂತಾಯಿತು. ಆ ಅಳತೆಗೋಲು ಯಾವುದು ಎಂಬುದೇ ಮುಂದಿನ ಪ್ರಶ್ನೆ.

ಆಪ್ತನನ್ನೇ ಪರೀಕ್ಷಿಸಿದ ಆಚಾರ್ಯರು

ಇದಕ್ಕೆ ಉತ್ತರ ಕೊಡುವವರಲ್ಲಿ ಸಮಂತಭದ್ರಾಚಾರ್ಯರು ಅಗ್ರಗಣ್ಯರು. ಅವರ ‘ಆಪ್ತಮೀಮಾಂಸೆ’ ಎಂಬ ಹೆಸರೇ ವಿಚಾರಾರ್ಹವಾದುದು. ಆಪ್ತನೆಂದರೆ ನಂಬತಕ್ಕವನು, ಮೀಮಾಂಸೆ ಎಂದರೆ ಪರೀಕ್ಷೆ. ನಂಬತಕ್ಕವನನ್ನು ನಂಬುವ ಮೊದಲು ಪರೀಕ್ಷಿಸಬೇಕೆಂಬುದು ಗ್ರಂಥದ ಪ್ರತಿಜ್ಞೆ. ದೇವತೆಗಳು ಬಂದು ಸೇವಿಸುವುದು, ಆಕಾಶದಲ್ಲಿ ಸಂಚರಿಸುವುದು, ಚಾಮರಗಳ ವೈಭವ ಇವೆಲ್ಲ ಐಂದ್ರಜಾಲಿಕರಲ್ಲಿಯೂ ಕಾಣಬಹುದಾದವು. ಆದ್ದರಿಂದ ಜಿನೇಂದ್ರನು ಪೂಜ್ಯನಾಗಿರುವುದು ಇವುಗಳ ಕಾರಣದಿಂದಲ್ಲ ಎಂಬ ಅಭಿಪ್ರಾಯದಿಂದಲೇ ಆಚಾರ್ಯರು ಗ್ರಂಥವನ್ನು ಆರಂಭಿಸುತ್ತಾರೆ. ಪೂಜ್ಯತೆಗೆ ಕಾರಣ ಬೇರೆಯೇ ಇದೆ. ಆತನ ವಚನವು ಯುಕ್ತಿಗೂ ಶಾಸ್ತ್ರಕ್ಕೂ ವಿರೋಧವಿಲ್ಲದೆ ನಿಲ್ಲುತ್ತದೆ ಎಂಬುದು ಆ ಕಾರಣ. ಈ ಗ್ರಂಥಕ್ಕೆ ಅಕಲಂಕದೇವರು ‘ಅಷ್ಟಶತಿ’ಯನ್ನೂ ಅದರ ಮೇಲೆ ವಿದ್ಯಾನಂದರು ‘ಅಷ್ಟಸಹಸ್ರಿ’ಯನ್ನೂ ರಚಿಸಿದರು. ಪರೀಕ್ಷೆಯನ್ನು ಅವಿನಯವೆಂದು ಈ ಮಹನೀಯರಲ್ಲಿ ಯಾರೂ ಎಣಿಸಲಿಲ್ಲ.

ಹುಂಚದ ನೆಲಕ್ಕೂ ಈ ಪರೀಕ್ಷಕ ಬುದ್ಧಿ ಹೊಸದಲ್ಲ. ಅನೇಕ ರಾಜಸಭೆಗಳಲ್ಲಿ ವಾದ ಮಾಡಿ ಗೆದ್ದ, 16ನೆಯ ಶತಮಾನದ ವಾದಿ ವಿದ್ಯಾನಂದರ ಕೀರ್ತಿಯನ್ನು ಹೇಳುವ ಶಾಸನ ಇರುವುದು ಇಲ್ಲಿಯೇ. ಇವರು ‘ಅಷ್ಟಸಹಸ್ರಿ’ಯ ಕರ್ತೃವಿಗಿಂತ ಬಹಳ ಈಚಿನವರು, ಆದರೆ ಹೆಸರಿನಂತೆ ಮನೋಧರ್ಮವೂ ಹಿಂದಿನವರಿಂದ ಬಂದದ್ದು. ತನ್ನ ಗುರುವನ್ನು ‘ವಾದಿ’ ಎಂಬ ಬಿರುದಿನಿಂದ ಗೌರವಿಸುವ ಸಮಾಜವು ಪ್ರಶ್ನೆಗೆ ಅಂಜುವ ಸಮಾಜವಾಗಿರಲು ಸಾಧ್ಯವಿಲ್ಲ.

ಸಮಂತಭದ್ರರು ಶ್ರಾವಕರಿಗಾಗಿ ಬರೆದ ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಶಾಸ್ತ್ರವೆಂದರೇನು ಎಂಬುದಕ್ಕೆ ಲಕ್ಷಣವನ್ನು ಹೇಳಿದ್ದಾರೆ. ಅದು ಆಪ್ತನಿಂದ ಬಂದದ್ದಾಗಿರಬೇಕು, ಪ್ರತ್ಯಕ್ಷ ಮತ್ತು ಅನುಮಾನಗಳಿಗೆ ವಿರುದ್ಧವಾಗಿರಬಾರದು, ತತ್ತ್ವವನ್ನು ತಿಳಿಸಬೇಕು, ಸರ್ವಜೀವಿಗಳಿಗೆ ಹಿತಕರವಾಗಿರಬೇಕು, ಕುಮಾರ್ಗವನ್ನು ಖಂಡಿಸಬೇಕು. ಈ ಪಟ್ಟಿಯಲ್ಲಿ ‘ಪ್ರಾಚೀನವಾಗಿರಬೇಕು’ ಎಂಬ ಲಕ್ಷಣ ಇಲ್ಲ. ‘ಸರ್ವಹಿತ’ ಎಂಬ ಲಕ್ಷಣ ಇದೆ. ಒಂದು ವಾಕ್ಯವು ಎಷ್ಟೇ ಹಳೆಯ ಓಲೆಗರಿಯಲ್ಲಿ ದೊರೆತರೂ ಅದು ಒಂದು ವರ್ಗದ ಜೀವಿಗಳಿಗೆ ಹಿತವಾಗಿ ಇನ್ನೊಂದು ವರ್ಗಕ್ಕೆ ಅಹಿತವಾದರೆ, ಆಚಾರ್ಯರ ಲಕ್ಷಣದಂತೆ ಅದು ಶಾಸ್ತ್ರವಾಗುವುದಿಲ್ಲ.

ಇದಕ್ಕೆ ಪ್ರತಿಯಾಗಿ ಒಂದು ಆಕ್ಷೇಪವನ್ನು ಎತ್ತಬಹುದು. ಧರ್ಮಧ್ಯಾನದ ನಾಲ್ಕು ಭೇದಗಳಲ್ಲಿ ‘ಆಜ್ಞಾವಿಚಯ’ವೂ ಒಂದಲ್ಲವೇ? ಇಂದ್ರಿಯಗಳಿಗೆ ನಿಲುಕದ ಸೂಕ್ಷ್ಮ ವಿಷಯಗಳನ್ನು ಜಿನಾಜ್ಞೆಯೆಂದೇ ಒಪ್ಪಬೇಕೆಂದು ಪೂಜ್ಯಪಾದರು ಹೇಳಲಿಲ್ಲವೇ? ಆಕ್ಷೇಪ ಸರಿಯಾದುದೇ. ಆದರೆ ಆ ಒಪ್ಪಿಗೆ ಇರುವುದು ಮಂದಬುದ್ಧಿಗೆ ಎಟುಕದ, ಹೇತು ದೃಷ್ಟಾಂತಗಳಿಗೆ ಸಿಗದ ಪದಾರ್ಥಗಳ ವಿಷಯದಲ್ಲಿ. ಕಣ್ಣಿಗೆ ಕಾಣುವ ಹಿಂಸೆ, ಕಿವಿಗೆ ಕೇಳುವ ಅಳು, ಅನುಭವಕ್ಕೆ ಬರುವ ಅನ್ಯಾಯ ಇವು ಸೂಕ್ಷ್ಮ ಪದಾರ್ಥಗಳಲ್ಲ. ಪರೀಕ್ಷಿಸಬಲ್ಲುದನ್ನು ಪರೀಕ್ಷಿಸದೆ ಬಿಡುವುದು ಶ್ರದ್ಧೆಯಲ್ಲ, ಆಲಸ್ಯ. 18ನೆಯ ಶತಮಾನದಲ್ಲಿ ಜಯಪುರದ ಪಂಡಿತ ಟೋಡರಮಲ್ಲರು ‘ಮೋಕ್ಷಮಾರ್ಗ ಪ್ರಕಾಶಕ’ದಲ್ಲಿ ಕುಲಕ್ರಮದಿಂದ ಮಾತ್ರ ಧರ್ಮವನ್ನು ಹಿಡಿದವರನ್ನೂ, ಪರೀಕ್ಷೆಯಿಲ್ಲದೆ ಆಜ್ಞೆಯನ್ನು ಅನುಸರಿಸುವವರನ್ನೂ ಕಠಿಣವಾಗಿ ವಿಮರ್ಶಿಸಿದ್ದು ಈ ಕಾರಣಕ್ಕಾಗಿಯೇ.

ವಿಧಿಯ ಹಿಂದಿನ ಹೇತು

ಪಾಶ್ಚಾತ್ಯ ಚಿಂತನೆಯಲ್ಲಿಯೂ ಈ ಪ್ರಶ್ನೆ ಹಳೆಯದು. ಗ್ರೀಸಿನ ಪ್ಲೇಟೋ ತನ್ನ ‘ಯೂಥಿಫ್ರೋ’ ಸಂವಾದದಲ್ಲಿ ಸಾಕ್ರಟೀಸನಿಂದ ಒಂದು ಪ್ರಶ್ನೆ ಕೇಳಿಸುತ್ತಾನೆ. ದೇವತೆಗಳು ಮೆಚ್ಚಿದ್ದರಿಂದ ಒಂದು ಕಾರ್ಯ ಪುಣ್ಯವಾಗುತ್ತದೆಯೋ, ಅದು ಪುಣ್ಯವಾಗಿರುವುದರಿಂದ ದೇವತೆಗಳು ಮೆಚ್ಚುತ್ತಾರೆಯೋ ಎಂಬುದು ಆ ಪ್ರಶ್ನೆ. ದೇವರೇ ಸೃಷ್ಟಿಕರ್ತ, ದೇವರೇ ಶಾಸಕ ಎಂದು ನಂಬುವ ಮತಗಳಿಗೆ ಇದು ಬಿಡಿಸಲಾಗದ ಗಂಟು. ಜೈನಧರ್ಮದಲ್ಲಿ ಈ ಗಂಟು ಅಷ್ಟು ಬಿಗಿಯಾಗಿಲ್ಲ. ತೀರ್ಥಂಕರನು ಜಗತ್ತಿನ ಒಡೆಯನಲ್ಲ; ಶಿಕ್ಷೆ ಕೊಡುವ ಅಧಿಕಾರಿಯೂ ಅಲ್ಲ. ಅವನು ಹಿತೋಪದೇಶಿ. ವೈದ್ಯನು ಪಥ್ಯ ಹೇಳುವಂತೆ ಅವನು ಮಾರ್ಗವನ್ನು ಹೇಳುತ್ತಾನೆ. ಪಥ್ಯವನ್ನು ಮೀರಿದವನನ್ನು ವೈದ್ಯನು ದಂಡಿಸುವುದಿಲ್ಲ. ರೋಗವೇ ಅವನನ್ನು ಕಾಡುತ್ತದೆ. ಕರ್ಮಸಿದ್ಧಾಂತದ ಸಾರವೂ ಇದೇ.

ಆದ್ದರಿಂದಲೇ ಜೈನ ಆಚಾರಗ್ರಂಥಗಳು ‘ಮಾಡು’, ‘ಮಾಡಬೇಡ’ ಎಂದು ಹೇಳಿ ಸುಮ್ಮನಾಗುವುದಿಲ್ಲ. ಏಕೆಂಬುದನ್ನೂ ಹೇಳುತ್ತವೆ. ಅಮೃತಚಂದ್ರಸೂರಿಗಳ ‘ಪುರುಷಾರ್ಥಸಿದ್ಧ್ಯುಪಾಯ’ವು ಇದಕ್ಕೆ ಉತ್ತಮ ನಿದರ್ಶನ. ರಾತ್ರಿಭೋಜನ ತ್ಯಾಗವನ್ನು ವಿವರಿಸುವಾಗ ಅವರು ತಾವೇ ಒಬ್ಬ ಆಕ್ಷೇಪಕನನ್ನು ಮುಂದೆ ನಿಲ್ಲಿಸುತ್ತಾರೆ. ಹಗಲು ಊಟ ಬಿಟ್ಟು ರಾತ್ರಿ ಮಾತ್ರ ಉಂಡರೆ ಹಿಂಸೆ ಅಷ್ಟೇ ಕಡಿಮೆಯಾಗುವುದಿಲ್ಲವೇ ಎಂದು ಅವನಿಂದ ಕೇಳಿಸಿ, ರಾತ್ರಿಯ ಊಟದಲ್ಲಿ ರಾಗ ಅಧಿಕವೆಂದು ಉತ್ತರಿಸುತ್ತಾರೆ. ದೀಪ ಹಚ್ಚಿಕೊಂಡರೂ ಸೂರ್ಯನ ಬೆಳಕಿಲ್ಲದೆ, ಅನ್ನಕ್ಕೆ ಬಂದು ಬೀಳುವ ಸೂಕ್ಷ್ಮ ಜೀವಿಗಳ ಹಿಂಸೆಯನ್ನು ತಪ್ಪಿಸುವುದು ಹೇಗೆಂದು ಕೇಳುತ್ತಾರೆ. ಹುಂಚದಲ್ಲಿ ಮೊಮ್ಮಗನು ಕೇಳಿದ ಪ್ರಶ್ನೆಯನ್ನು ಆಚಾರ್ಯರು ಸುಮಾರು ಸಾವಿರ ವರ್ಷಗಳ ಹಿಂದೆಯೇ ನಿರೀಕ್ಷಿಸಿದ್ದರು ಎಂದಾಯಿತು. ಅವರು ಅವನನ್ನು ಗದರಿಸಲಿಲ್ಲ; ಅವನೊಡನೆ ವಾದಿಸಿದರು.

ಆ ವಾದವನ್ನು ಇಂದಿಗೂ ಮುಂದುವರಿಸಬಹುದು. ವಿದ್ಯುದ್ದೀಪದ ಬೆಳಕಿನಲ್ಲಿ ಅನ್ನದೊಳಗಿನ ಹುಳು ಕಾಣುತ್ತದೆ ಎಂಬುದು ನಿಜ. ಆದರೆ ಆ ದೀಪಕ್ಕೇ ಮಳೆಗಾಲದ ಮಲೆನಾಡಿನಲ್ಲಿ ಎಷ್ಟು ಹಾತೆಗಳು ಬಂದು ಮುತ್ತುತ್ತವೆ ಎಂಬುದೂ ಅಷ್ಟೇ ನಿಜ. ಕಿಟಕಿಗೆ ಜಾಲರಿ ಹಾಕಿದ ನಗರದ ಮನೆಯಲ್ಲಿ ಹೇತುವಿನ ಒಂದು ಭಾಗ ಕ್ಷೀಣಿಸಬಹುದು. ರಾಗದ ಮಾತು ಉಳಿದೇ ಉಳಿಯುತ್ತದೆ. ರಾತ್ರಿ ಪಾಳಿಯ ಕೆಲಸ ಮುಗಿಸಿ ಬರುವ ತರುಣನ ಪರಿಸ್ಥಿತಿ ಒಂದು. ಹೊತ್ತು ಕಳೆಯಲು ನಡುರಾತ್ರಿ ಹೋಟೆಲಿಗೆ ಹೋಗುವವನ ಪರಿಸ್ಥಿತಿ ಇನ್ನೊಂದು. ಹೇತುವನ್ನು ಬಲ್ಲವನು ಇವೆರಡರ ಅಂತರವನ್ನು ಬಲ್ಲನು. ಬರಿಯ ವಿಧಿಯನ್ನು ಬಲ್ಲವನಿಗೆ ಎರಡೂ ಒಂದೇ ಆಗಿ ತೋರುತ್ತವೆ.

ಸಡಿಲಿಸುವ ವಿವೇಕ, ಬಿಗಿಗೊಳಿಸುವ ವಿವೇಕ

ಇಲ್ಲಿಯೇ ಒಂದು ಎಚ್ಚರ ಅಗತ್ಯ. ಹೇತುವನ್ನು ಕೇಳುವವರಲ್ಲಿ ಬಹುಮಂದಿ ಅದನ್ನು ಕೇಳುವುದು ನಿಯಮದಿಂದ ಬಿಡುಗಡೆ ಪಡೆಯುವುದಕ್ಕಾಗಿ. ‘ಕಾಲ ಬದಲಾಗಿದೆ’ ಎಂಬ ಮಾತು ಹೆಚ್ಚಾಗಿ ಕೇಳಿಬರುವುದು ಏನನ್ನಾದರೂ ಬಿಡಬೇಕಾದಾಗ. ಹೊಸದೊಂದನ್ನು ಹಿಡಿಯಬೇಕಾದಾಗ ಆ ಮಾತು ಅಪರೂಪ. ವಿವೇಕವು ನಿಷ್ಪಕ್ಷಪಾತಿಯಾಗಿದ್ದರೆ ಅದು ಕೆಲವು ಕಡೆ ಸಡಿಲಿಸಬೇಕು, ಕೆಲವು ಕಡೆ ಬಿಗಿಗೊಳಿಸಬೇಕು. ಅನುಕೂಲದ ದಿಕ್ಕಿಗೆ ಮಾತ್ರ ವಾಲುವ ತಕ್ಕಡಿಯನ್ನು ಯಾವ ವರ್ತಕನೂ ನೆಚ್ಚುವುದಿಲ್ಲ.

ರೇಷ್ಮೆಯ ವಿಷಯವನ್ನು ನೋಡಬಹುದು. ಶ್ರಾವಕನ ಮೂಲಗುಣಗಳಲ್ಲಿ ಮದ್ಯ, ಮಾಂಸಗಳ ಜೊತೆಗೆ ಮಧುವಿನ ತ್ಯಾಗವೂ ಸೇರಿದೆ. ಜೇನುತುಪ್ಪಕ್ಕಾಗಿ ಅಸಂಖ್ಯ ಜೀವಿಗಳು ಸಾಯುತ್ತವೆ ಎಂಬುದು ಅದರ ಹೇತು. ರೇಷ್ಮೆಯ ಹೆಸರು ಈ ಮೂಲಗುಣಗಳ ಪಟ್ಟಿಯಲ್ಲಿಲ್ಲ. ಆದರೆ ಗೂಡಿನ ಎಳೆ ತುಂಡಾಗದೆ ಬರಲೆಂದು ಒಳಗಿರುವ ಜೀವಂತ ಕೋಶವನ್ನು ಬಿಸಿ ಹಬೆಯಿಂದಲೋ ಒಣಗಿಸುವುದರಿಂದಲೋ ಕೊಲ್ಲುತ್ತಾರೆ. ಒಂದು ರೇಷ್ಮೆ ಸೀರೆಗೆ ಸಾವಿರಾರು ಗೂಡುಗಳು ಬೇಕು. ಕಚ್ಚಾ ರೇಷ್ಮೆಯ ಉತ್ಪಾದನೆಯಲ್ಲಿ ದೇಶದಲ್ಲೇ ಮುಂದಿರುವ ಕರ್ನಾಟಕದಲ್ಲಿ ಇದು ಯಾರಿಗೂ ಗುಟ್ಟಲ್ಲ. ಹೀಗಿದ್ದರೂ ರೇಷ್ಮೆಯೇ ಮಡಿ ಎಂಬ ಭಾವನೆ ಅನೇಕ ಮನೆಗಳಲ್ಲಿದೆ. ಜೇನಿನ ಹನಿಯನ್ನು ನಾಲಿಗೆಗೆ ತಾಗಿಸದ ಕುಟುಂಬವು ಮದುವೆಯಲ್ಲಿಯೂ ಪೂಜೆಯಲ್ಲಿಯೂ ರೇಷ್ಮೆಯನ್ನು ನಿಶ್ಚಿಂತೆಯಿಂದ ಉಡುತ್ತದೆ.

ಇಲ್ಲಿ ವಿಧಿಯ ಅಕ್ಷರ ಮೌನವಾಗಿದೆ, ಹೇತು ಮಾತ್ರ ಮಾತನಾಡುತ್ತಿದೆ. ಅಕ್ಷರಕ್ಕೆ ಅಂಟಿಕೊಂಡವನು ರೇಷ್ಮೆಗೆ ಅಡ್ಡಿಯಿಲ್ಲ ಎನ್ನಬಹುದು. ಹೇತುವನ್ನು ಅರಿತವನಿಗೆ ಜೇನು ಒಂದು ನ್ಯಾಯ, ರೇಷ್ಮೆ ಇನ್ನೊಂದು ನ್ಯಾಯ ಎನ್ನಲು ಬಾಯಿ ಬರುವುದಿಲ್ಲ. ಪೂಜೆಗೆ ಹತ್ತಿಯ ಶುಭ್ರ ವಸ್ತ್ರವನ್ನೇ ಬಳಸುವ, ರೇಷ್ಮೆಯನ್ನು ದೂರವಿಟ್ಟ ಶ್ರಾವಕರೂ ಇದ್ದಾರೆ. ಬಸದಿಗಳ ಆಡಳಿತ ಮಂಡಲಿಗಳು ಈ ಬಗ್ಗೆ ಶಾಂತವಾಗಿ ಚರ್ಚಿಸಿ, ದೇವಿಗೆ ಸೀರೆ ಅರ್ಪಿಸುವ ಭಕ್ತರಿಗೆ ಹತ್ತಿಯ ಸೀರೆಯೂ ಅಷ್ಟೇ ಶ್ರೇಷ್ಠವೆಂದು ತಿಳಿಸಿದರೆ ಅದರಿಂದ ಭಕ್ತಿಗೆ ಕೊರತೆಯಾಗದು. ಹಾಲಿನ ವಿಷಯದಲ್ಲಿಯೂ ಇಂತಹುದೇ ಪ್ರಶ್ನೆ ಎದ್ದಿದೆ. ಮನೆಯ ಕೊಟ್ಟಿಗೆಯಲ್ಲಿ ಕರುವಿಗೆ ಬಿಟ್ಟು ಉಳಿದ ಹಾಲನ್ನು ಕರೆಯುತ್ತಿದ್ದ ಕಾಲದ ನಿಯಮವನ್ನು, ಗಂಡು ಕರುಗಳಿಗೆ ಬೆಲೆಯೇ ಇಲ್ಲದ ಇಂದಿನ ಹೈನೋದ್ಯಮಕ್ಕೆ ಹಾಗೆಯೇ ಅನ್ವಯಿಸಬಹುದೇ ಎಂದು ತರುಣರು ಕೇಳುತ್ತಿದ್ದಾರೆ. ಇದಕ್ಕೆ ಸುಲಭದ ಉತ್ತರವಿಲ್ಲ. ಆದರೆ ಪ್ರಶ್ನೆಯೇ ತಪ್ಪೆನ್ನುವುದು ಉತ್ತರವಲ್ಲ.

ಹಿಟ್ಟಿನ ಕೋಳಿ

ವಿಧಿಯನ್ನು ಪಾಲಿಸಿದಂತೆಯೂ ಆಗಬೇಕು, ಮನಸ್ಸಾಕ್ಷಿಯನ್ನು ಉಳಿಸಿಕೊಂಡಂತೆಯೂ ಆಗಬೇಕು ಎಂದು ನಡುದಾರಿ ಹಿಡಿಯುವವರಿಗೆ ಯಶೋಧರನ ಕಥೆ ಒಂದು ಎಚ್ಚರಿಕೆ. ಈ ಕಥೆಯನ್ನು 11ನೆಯ ಶತಮಾನದ ವಾದಿರಾಜಸೂರಿಗಳು ಸಂಸ್ಕೃತದಲ್ಲಿ ಬರೆದರು. ಅವರು ಸೇರಿದ ದ್ರಾವಿಡ ಸಂಘವೇ ಹುಂಚದ ಪಂಚಕೂಟ ಬಸದಿಯ ಗುರುಪರಂಪರೆಯ ಸಂಘವೂ ಹೌದು. ಕನ್ನಡದಲ್ಲಿ ಜನ್ನನು 1209ರಲ್ಲಿ ಇದೇ ಕಥೆಯನ್ನು ‘ಯಶೋಧರ ಚರಿತೆ’ಯಾಗಿ ರಚಿಸಿದನು.

ಕೆಟ್ಟ ಕನಸಿನ ಶಾಂತಿಗಾಗಿ ದೇವಿಗೆ ಬಲಿ ಕೊಡಬೇಕೆಂದು ತಾಯಿ ಚಂದ್ರಮತಿ ಒತ್ತಾಯಿಸುತ್ತಾಳೆ. ಜೀವವನ್ನು ಕೊಲ್ಲಲಾರೆನೆಂದು ಯಶೋಧರ ನಿರಾಕರಿಸುತ್ತಾನೆ. ಕೊನೆಗೆ ಹಿಟ್ಟಿನ ಕೋಳಿಯನ್ನು ಬಲಿ ಕೊಡುವ ಒಪ್ಪಂದವಾಗುತ್ತದೆ. ತಾಯಿಯ ಮಾತು ಉಳಿಯಿತು, ಸಂಪ್ರದಾಯ ಉಳಿಯಿತು, ಒಂದು ಪ್ರಾಣಿಯೂ ಸಾಯಲಿಲ್ಲ. ಲೋಕದೃಷ್ಟಿಯಲ್ಲಿ ಇದಕ್ಕಿಂತ ಜಾಣತನದ ಪರಿಹಾರವಿಲ್ಲ. ಆದರೆ ಕಥೆ ಅದನ್ನು ಒಪ್ಪುವುದಿಲ್ಲ. ಕತ್ತಿ ಎತ್ತಿದ ಕೈಯಲ್ಲಿ ಕೊಲ್ಲುವ ಸಂಕಲ್ಪವಿತ್ತು. ಆ ಸಂಕಲ್ಪದ ಫಲವಾಗಿ ತಾಯಿ ಮಕ್ಕಳಿಬ್ಬರೂ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ಸಂಕಟಪಟ್ಟರು.

ಈ ಕಥೆಯಲ್ಲಿ ಎರಡು ನೀತಿಗಳು ಅಡಗಿವೆ. ಆಜ್ಞೆ ದೇವತೆಯ ಹೆಸರಿನಲ್ಲಿ ಬಂದರೂ ಹಿಂಸೆ ಹಿಂಸೆಯೇ ಎಂಬುದು ಮೊದಲನೆಯದು. ಧರ್ಮವು ದೇವತೆಗಳಿಂದ ಬಂದದ್ದು, ಆದ್ದರಿಂದ ದೇವತೆಗಳಿಗಾಗಿ ಕೊಲ್ಲಬಹುದು ಎಂಬ ವಾದವನ್ನು ಅಮೃತಚಂದ್ರರೂ ಸ್ಪಷ್ಟವಾಗಿ ತಳ್ಳಿಹಾಕಿದ್ದಾರೆ. ಹೊರಗಿನ ಕ್ರಿಯೆ ನಿರ್ದೋಷವಾಗಿ ತೋರಿದರೂ ಒಳಗಿನ ಭಾವ ಕೆಟ್ಟರೆ ವ್ರತ ಕೆಟ್ಟಿತೆಂಬುದು ಎರಡನೆಯದು. ಎರಡನೆಯ ನೀತಿ ಶ್ರಾವಕನಿಗೆ ಹೆಚ್ಚು ಕಠಿಣವಾದುದು. ಕಂದಮೂಲವನ್ನು ಮುಟ್ಟದ ವ್ಯಾಪಾರಿ ಸಾಲಗಾರನ ಹೊಲವನ್ನು ನುಂಗಿದರೆ, ನೀರು ಸೋಸಿ ಕುಡಿಯುವ ಯಜಮಾನ ಕೂಲಿಯವಳ ಸಂಬಳ ಹಿಡಿದಿಟ್ಟರೆ, ಅವರ ವ್ರತವೂ ಹಿಟ್ಟಿನ ಕೋಳಿಯ ಹಾಗೆಯೇ. ನಿಯಮಪಾಲನೆ ಕಾಣುತ್ತದೆ, ಅಹಿಂಸೆ ಕಾಣುವುದಿಲ್ಲ.

ಗ್ರಂಥಗಳಲ್ಲಿ ಎರಡು ದನಿಗಳಿದ್ದಾಗ

ಪ್ರಾಚೀನ ಗ್ರಂಥಗಳು ಎಲ್ಲ ವಿಷಯಗಳಲ್ಲೂ ಒಂದೇ ದನಿಯಲ್ಲಿ ಮಾತನಾಡುತ್ತವೆ ಎಂಬುದು ಭ್ರಮೆ. ಅಮೆರಿಕದಲ್ಲಿ 1865ರಲ್ಲಿ ಗುಲಾಮಗಿರಿ ರದ್ದಾಗುವ ಮುಂಚೆ ಅದನ್ನು ಸಮರ್ಥಿಸಿದವರೂ ವಿರೋಧಿಸಿದವರೂ ಒಂದೇ ಬೈಬಲನ್ನು ಆಧಾರವಾಗಿ ಹಿಡಿದರು. ಜೈನ ಸಾಹಿತ್ಯದಲ್ಲಿಯೂ ಇಂತಹ ಸಂದರ್ಭವಿದೆ. 9ನೆಯ ಶತಮಾನದ ಜಿನಸೇನಾಚಾರ್ಯರ ‘ಆದಿಪುರಾಣ’ದಲ್ಲಿ ವರ್ಣವ್ಯವಸ್ಥೆಗೆ ಸ್ಥಾನವಿದೆ. ಅದೇ ಕೃತಿಯಲ್ಲಿ, ಮನುಷ್ಯಜಾತಿ ಒಂದೇ, ಭೇದ ಬಂದದ್ದು ವೃತ್ತಿಯಿಂದ ಎಂಬ ಮಾತೂ ಇದೆ. 941ರಲ್ಲಿ ಕನ್ನಡದ ‘ಆದಿಪುರಾಣ’ವನ್ನು ಬರೆದ ಪಂಪನು ಈ ಎರಡನೆಯ ಮಾತಿಗೆ ಕನ್ನಡದಲ್ಲಿ ಶಾಶ್ವತವಾದ ಸ್ಥಾನ ಕೊಟ್ಟನು. ಅವರಿಬ್ಬರಿಗಿಂತ ಹಿಂದಿನ ಸಮಂತಭದ್ರರು, ಸಮ್ಯಗ್ದರ್ಶನವಿದ್ದರೆ ಚಾಂಡಾಲನಾಗಿ ಹುಟ್ಟಿದವನೂ ದೇವಸಮಾನನೆಂದು ಹೇಳಿ, ಅವನನ್ನು ಬೂದಿ ಮುಚ್ಚಿದ ಕೆಂಡಕ್ಕೆ ಹೋಲಿಸಿದ್ದರು.

ಎರಡೂ ದನಿಗಳು ಪ್ರಾಚೀನವೇ. ಎರಡನ್ನೂ ಪೂಜ್ಯ ಗ್ರಂಥಗಳಿಂದಲೇ ಎತ್ತಿ ತೋರಿಸಬಹುದು. ‘ಶಾಸ್ತ್ರ ಹೇಳಿದಂತೆ ನಡೆ’ ಎಂಬ ಉಪದೇಶ ಇಲ್ಲಿ ದಾರಿ ತೋರಿಸದು. ಯಾವ ದನಿಯನ್ನು ಕೇಳಬೇಕೆಂದು ಆರಿಸುವ ಹೊಣೆ ಕೇಳುವವನ ಮೇಲೆಯೇ ಬೀಳುತ್ತದೆ. ಆಗ ನೆರವಿಗೆ ಬರುವುದು ಸರ್ವಹಿತವೆಂಬ ಲಕ್ಷಣ. ಒಬ್ಬ ಮನುಷ್ಯನನ್ನು ಬಸದಿಯ ಬಾಗಿಲಲ್ಲಿ ತಡೆಯುವ ಮಾತು, ಒಬ್ಬ ಹೆಣ್ಣನ್ನು ಕೀಳಾಗಿ ಕಾಣುವ ಮಾತು ಎಷ್ಟೇ ಹಳೆಯದಾದರೂ ಆ ಲಕ್ಷಣದ ಮುಂದೆ ನಿಲ್ಲಲಾರದು. ಇದನ್ನು ಒಪ್ಪಿದರೆ ಆಚಾರ್ಯರಿಗೆ ಅಗೌರವವಾಗುವುದಿಲ್ಲ. ಅವರು ಕೊಟ್ಟ ಅಳತೆಗೋಲನ್ನೇ ಬಳಸಿದಂತಾಗುತ್ತದೆ.

ಸಲ್ಲೇಖನದ ಪರೀಕ್ಷೆ

ಈ ಕಾಲದಲ್ಲಿ ಜೈನರ ಪ್ರಾಚೀನ ವಿಧಿಯೊಂದು ಎದುರಿಸಿದ ಅತಿ ಕಠಿಣ ಪರೀಕ್ಷೆ ಸಲ್ಲೇಖನಕ್ಕೆ ಸಂಬಂಧಿಸಿದ್ದು. 2006ರಲ್ಲಿ ಸಲ್ಲಿಸಲಾದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ರಾಜಸ್ಥಾನ ಉಚ್ಚ ನ್ಯಾಯಾಲಯವು 2015ರ ಆಗಸ್ಟ್ 10ರಂದು ತೀರ್ಪು ನೀಡಿ, ಈ ಆಚರಣೆಯನ್ನು ಆತ್ಮಹತ್ಯೆಯ ಅಪರಾಧದಂತೆ ಕಾಣಬೇಕೆಂದು ಹೇಳಿತು. ದೇಶದಾದ್ಯಂತ ಜೈನರು ಮೌನ ಮೆರವಣಿಗೆಗಳನ್ನು ನಡೆಸಿದರು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆಯಾಜ್ಞೆ ನೀಡಿತು.

ಆ ದಿನಗಳಲ್ಲಿ ಹೆಚ್ಚಾಗಿ ಕೇಳಿಬಂದ ಸಮರ್ಥನೆ, ಇದು ಸಾವಿರಾರು ವರ್ಷಗಳಿಂದ ಬಂದ ಆಚರಣೆ ಎಂಬುದು. ಶ್ರವಣಬೆಳಗೊಳದ ಶಾಸನಗಳಲ್ಲಿಯೂ ನಾಡಿನ ನಿಷಿಧಿ ಕಲ್ಲುಗಳಲ್ಲಿಯೂ ಅದಕ್ಕೆ ಬೇಕಾದಷ್ಟು ಸಾಕ್ಷ್ಯವಿದೆ. ಆದರೆ ಪ್ರಾಚೀನತೆ ದುರ್ಬಲವಾದ ಸಮರ್ಥನೆ. ಸತೀಪದ್ಧತಿಯೂ ಪ್ರಾಚೀನವೇ ಆಗಿತ್ತು. ಬಲವಾದ ಸಮರ್ಥನೆ ಆಚಾರ್ಯರ ಗ್ರಂಥಗಳಲ್ಲಿಯೇ ಇದೆ. ಪರಿಹಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ವ್ಯಾಧಿ ಇವು ಬಂದಾಗ ಮಾತ್ರ ಸಲ್ಲೇಖನ ಎಂದು ಸಮಂತಭದ್ರರು ಮಿತಿ ಹಾಕಿದ್ದಾರೆ. ಬೇಗ ಸಾಯಬೇಕೆಂಬ ಬಯಕೆಯನ್ನು, ಇನ್ನೂ ಬದುಕಬೇಕೆಂಬ ಬಯಕೆಯ ಜೊತೆಯಲ್ಲೇ, ಅತಿಚಾರಗಳ ಸಾಲಿಗೆ ಸೇರಿಸಲಾಗಿದೆ. ಪೂಜ್ಯಪಾದರು ಉಗ್ರಾಣಕ್ಕೆ ಬೆಂಕಿ ಬಿದ್ದ ವರ್ತಕನ ಉಪಮೆಯನ್ನು ಕೊಡುತ್ತಾರೆ. ಅವನಿಗೆ ಮನೆ ಸುಡುವುದು ಬೇಕಿಲ್ಲ. ಬೆಂಕಿಯನ್ನು ಆರಿಸಲು ಸಾಧ್ಯವಾದಷ್ಟು ಯತ್ನಿಸುತ್ತಾನೆ. ಆಗದಿದ್ದರೆ ಒಳಗಿನ ಅಮೂಲ್ಯ ವಸ್ತುವನ್ನು ಉಳಿಸಿಕೊಳ್ಳುತ್ತಾನೆ.

ಇನ್ನೂ ಮುಖ್ಯವಾದ ನಿದರ್ಶನ ಸಮಂತಭದ್ರರ ಜೀವನದಲ್ಲಿಯೇ ಇದೆ. ಕಥಾಗ್ರಂಥಗಳು ಹೇಳುವಂತೆ, ಅವರಿಗೆ ಭಸ್ಮಕ ರೋಗ ಬಂದು ಎಷ್ಟು ಉಂಡರೂ ಹಸಿವು ಅಡಗದಂತಾಯಿತು. ಮುನಿಚರ್ಯೆಯನ್ನು ಪಾಲಿಸಲಾಗದೆ ಅವರು ಸಲ್ಲೇಖನಕ್ಕೆ ಅನುಮತಿ ಬೇಡಿದರು. ಗುರುಗಳು ಅನುಮತಿ ಕೊಡಲಿಲ್ಲ. ಇವರಿಂದ ಧರ್ಮಕ್ಕೆ ಇನ್ನೂ ಬಹಳ ಉಪಕಾರವಾಗಬೇಕಿದೆಯೆಂದು ತಿಳಿದು, ಮುನಿವೇಷವನ್ನು ತೊರೆದು ಬೇಕಾದಷ್ಟು ಉಂಡು ರೋಗವನ್ನು ವಾಸಿಮಾಡಿಕೊಂಡು ಮರಳಿ ದೀಕ್ಷೆ ಪಡೆಯಬೇಕೆಂದು ಆದೇಶಿಸಿದರು. ಸಮಂತಭದ್ರರು ಹಾಗೆಯೇ ಮಾಡಿದರು. ಆ ಗುರುಗಳು ವಿಧಿಯ ಅಕ್ಷರವನ್ನೇ ಹಿಡಿದಿದ್ದರೆ ಜೈನಸಮಾಜ ತನ್ನ ಶ್ರೇಷ್ಠ ತಾರ್ಕಿಕನನ್ನು ಕಳೆದುಕೊಳ್ಳುತ್ತಿತ್ತು.

ಇದೇ ಅಳತೆಗೋಲನ್ನು ಸಮಾಜವು ತನ್ನ ಮೇಲೂ ಹಿಡಿಯಬೇಕಾದ ಸಂದರ್ಭಗಳಿವೆ. 2016ರಲ್ಲಿ ದಕ್ಷಿಣದ ಮಹಾನಗರವೊಂದರಲ್ಲಿ ಬಾಲಕಿಯೊಬ್ಬಳು ದೀರ್ಘ ಉಪವಾಸದ ಬಳಿಕ ಮೃತಪಟ್ಟಳು. ಸುದ್ದಿ ತಿಳಿದ ದೇಶ ಬೆಚ್ಚಿಬಿದ್ದಿತು. ಶೋಡಷ ಭಾವನೆಗಳಲ್ಲಿ ತಪಸ್ಸನ್ನು ಹೇಳುವಾಗ ‘ಶಕ್ತ್ಯನುಸಾರವಾಗಿ’ ಎಂಬ ವಿಶೇಷಣ ಸುಮ್ಮನೆ ಸೇರಿದ್ದಲ್ಲ. ಬೆಳೆಯುವ ದೇಹದ ಶಕ್ತಿ ಎಷ್ಟೆಂದು ಆ ಮಗುವೇ ಅಳೆಯಲಾರದು, ಅಳೆಯಬೇಕಾದವರು ಹಿರಿಯರು. ಉಪವಾಸ ಮಾಡಿದ ಮಕ್ಕಳನ್ನು ಮೆರವಣಿಗೆಯಲ್ಲಿ ಕೂರಿಸಿ ಹಾರ ಹಾಕುವ ಸಂಭ್ರಮದಲ್ಲಿ ಆ ವಿಶೇಷಣ ಮರೆತುಹೋಗುವ ಅಪಾಯವಿದೆ. ಸಲ್ಲೇಖನವು ಆತ್ಮಹತ್ಯೆಯಲ್ಲವೆಂದು ನ್ಯಾಯಾಲಯದಲ್ಲಿ ವಾದಿಸುವ ಸಮಾಜಕ್ಕೆ, ವ್ರತವು ಸ್ವಂತ ಅರಿವಿನಿಂದ, ಪ್ರೌಢ ಸಮ್ಮತಿಯಿಂದ ಆಗಿರಬೇಕೆಂದು ತನ್ನ ಮನೆಗಳಲ್ಲಿಯೂ ಕಾಯುವ ಕರ್ತವ್ಯವಿದೆ.

ಸ್ವಚ್ಛಂದಕ್ಕೆ ಮದ್ದು

ಪ್ರತಿಯೊಬ್ಬನೂ ಪರೀಕ್ಷಿಸತೊಡಗಿದರೆ ಆಚಾರವೇ ಉಳಿಯದೆಂಬ ಹಿರಿಯರ ಆತಂಕ ನಿರಾಧಾರವಲ್ಲ. ಮನಸ್ಸು ತನ್ನ ಪರವಾಗಿಯೇ ವಕಾಲತ್ತು ವಹಿಸುತ್ತದೆ. ಹಸಿದವನು ಮಾಡುವ ತರ್ಕಕ್ಕೂ ಉಂಡವನು ಮಾಡುವ ತರ್ಕಕ್ಕೂ ಅಂತರವಿದೆ. ಈ ಕಾರಣದಿಂದಲೇ ಪೂರ್ವಿಕರು ವ್ರತವೆಂಬ ವ್ಯವಸ್ಥೆಯನ್ನು ರೂಪಿಸಿದರು. ವಿಚಾರ ಮಾಡಬೇಕಾದುದು ವ್ರತವನ್ನು ತೆಗೆದುಕೊಳ್ಳುವ ಮೊದಲು, ಮನಸ್ಸು ಶಾಂತವಾಗಿರುವಾಗ. ಗುರುಸಾಕ್ಷಿಯಾಗಿ, ಕಾಲದ ಮಿತಿಯನ್ನು ಗೊತ್ತುಮಾಡಿ, ಶಕ್ತಿಗೆ ತಕ್ಕಷ್ಟು ಸ್ವೀಕರಿಸಿದ ಮೇಲೆ ಆಸೆ ಎದ್ದಾಗಲೆಲ್ಲ ಚರ್ಚೆ ತೆರೆಯಬಾರದು. ತಪ್ಪಿದರೆ ಆಲೋಚನೆ, ಪ್ರತಿಕ್ರಮಣ, ಪ್ರಾಯಶ್ಚಿತ್ತಗಳಿವೆ. ಹೀಗೆ ಪ್ರಾಚೀನ ನಿಯಮವು ವಿವೇಕದ ಶತ್ರುವಲ್ಲ. ವಿವೇಕವು ಎಚ್ಚರವಾಗಿದ್ದಾಗ ಮಾಡಿದ ನಿರ್ಣಯವನ್ನು ಅದು ದುರ್ಬಲ ಗಳಿಗೆಯಲ್ಲಿ ಕಾಪಾಡುವ ಬೇಲಿ. ಬೆಳೆಯನ್ನು ಕಾಯಲು ಹಾಕಿದ ಬೇಲಿಯನ್ನು ಆಗಾಗ ನೋಡಿ ದುರಸ್ತಿ ಮಾಡಬೇಕು. ಬೇಲಿಯನ್ನೇ ಬೆಳೆಯೆಂದು ಪೂಜಿಸಬಾರದು, ಬೇಡವೆಂದು ಕಿತ್ತೂ ಹಾಕಬಾರದು.

ಹುಂಚದ ಪಂಚಕೂಟ ಬಸದಿಯನ್ನು 1077ರಲ್ಲಿ ಕಟ್ಟಿಸಿದ ಚಟ್ಟಲದೇವಿಯ ಬದುಕು ಈ ವಿಚಾರಕ್ಕೆ ಒಂದು ಸುಂದರ ವಿವರಣೆ. ತಂಗಿ ತೀರಿಹೋದ ಬಳಿಕ ಆಕೆಯ ನಾಲ್ವರು ಗಂಡುಮಕ್ಕಳನ್ನು ತನ್ನವರೆಂದೇ ತಿಳಿದು ಬೆಳೆಸಿದ ತಾಯಿ ಈಕೆ. ಅಗಲಿದ ಬಂಧುಗಳ ನೆನಪಿಗಾಗಿ ಎತ್ತಿಸಿದ ಈ ಬಸದಿಗೆ ‘ಉರ್ವೀತಿಲಕ’ವೆಂದು ಹೆಸರು. ಕೆರೆ, ಬಾವಿ, ತೋಪುಗಳನ್ನು ಮಾಡಿಸಿ, ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಆಕೆ ನಿರತಳಾಗಿದ್ದಳು. ದಾನ ಮಾಡಬೇಕೆಂಬುದು ಪ್ರಾಚೀನ ವಿಧಿ. ಆದರೆ ಯಾವ ಅನಾಥ ಮಗುವನ್ನು ಎತ್ತಿಕೊಳ್ಳಬೇಕು, ಯಾವ ಊರಿಗೆ ನೀರು ಬೇಕು ಎಂಬುದನ್ನು ಯಾವ ಗ್ರಂಥವೂ ಆಕೆಗೆ ಹೇಳಿರಲಾರದು. ಗ್ರ��ಥವು ದಿಕ್ಕನ್ನು ತೋರಿಸಿತು. ಕಣ್ಣು ತೆರೆದು ನಡೆದವಳು ಆಕೆ.

ಹುಂಚಕ್ಕೆ ಬಂದ ಕುಟುಂಬದ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ಅಜ್ಜಿಯ ಶ್ರದ್ಧೆ ಬೇಕು. ಅದಿಲ್ಲದೆ ವ್ರತಕ್ಕೆ ನೆಲೆಯಿಲ್ಲ. ಮೊಮ್ಮಗನ ಪ್ರಶ್ನೆಯೂ ಬೇಕು. ಅದಿಲ್ಲದೆ ವ್ರತಕ್ಕೆ ಜೀವವಿಲ್ಲ. ಬದಲಾಗಬೇಕಾದುದು ತಂದೆಯ ಉತ್ತರ. ‘ಹಿರಿಯರು ನಡೆಸಿದ್ದು, ನಡೆಸು’ ಎಂದು ಮಾತು ಮುಗಿಸುವ ಬದಲು, ಅಮೃತಚಂದ್ರರಂತೆ ಅವನು ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇತುವನ್ನು ವಿವರಿಸಬೇಕು. ಮಗನು ರೇಷ್ಮೆಯ ಪಂಚೆಯನ್ನು ತೋರಿಸಿ ಮರುಪ್ರಶ್ನೆ ಹಾಕಿದರೆ ಕೋಪಗೊಳ್ಳದೆ ಕೇಳಬೇಕು. ಹೊತ್ತು ಮುಳುಗುವ ಮುನ್ನ ಆ ಮೂವರೂ ಒಟ್ಟಿಗೆ ಕುಳಿತು ಉಂಡರೆ, ಅಂದಿನ ಊಟದಲ್ಲಿ ವಿಧಿಯೂ ವಿವೇಕವೂ ಒಂದೇ ಎಲೆಯಲ್ಲಿ ಬಡಿಸಿದಂತಾಗುತ್ತದೆ.